ಮರದ ನೆಲಕ್ಕೆ ಎಂತ, ಗ್ರಾನೈಟ್ ಕಟ್ಟೆಗೆ ಎಂತ: ಕಾಸರಗೋಡಿನ ಮಳೆ, ಕೆಂಪು ಮಣ್ಣು ನೋಡಿಕೊಂಡು ಆರಿಸುವುದು ಹೇಗೆ

ಪೇಟೆಯ ಅಂಗಡಿಗೆ ಹೋಗಿ ನೆಲ ಒರೆಸ್ಲಿಕ್ಕೆ ಎಂತ ಉಂಟು ಅಂತ ಕೇಳಿದ್ರೆ ಗೋಡೆ ತುಂಬ ಬಾಟ್ಲಿ ತೋರಿಸ್ತಾರೆ, ಎಲ್ಲದರ ಮೇಲೂ ಹೊಳೆಯುವ ನೆಲದ ಫೋಟೋ, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆದದ್ದನ್ನು ಓದುವವರು ಕಡಿಮೆ. ಮನೆಯಲ್ಲಿ ಹಿರಿಯರು ತೆಂಗಿನೆಣ್ಣೆ ಉಜ್ಜು ಅಂತಾರೆ, ಆಚಾರಿ ಪಾಲಿಶ್ ಮಾಡಿಸಿ ಅಂತಾರೆ, ವಿಡಿಯೋದವರು ಎಲ್ಲದಕ್ಕೂ ವಿನೆಗರ್ ಮತ್ತೆ ಸೋಡಾ ಪುಡಿ. ಈಗ ಬದಿಯಡ್ಕ, ಪೆರ್ಲ, ಕುಂಬಳೆ, ಉಪ್ಪಳ ಎಲ್ಲಾ ಕಡೆ ಹೊಸ ಮನೆ ಕಟ್ಟಿಸುವವರು ಮೇಲಿನ ಕೋಣೆಗೆ ಮರದ ನೆಲ, ಅಡಿಗೆ ಮನೆಗೆ ಗ್ರಾನೈಟ್ ಕಟ್ಟೆ ಹಾಕಿಸ್ತಾರೆ, ಹಳೆ ಮನೆಗಳಲ್ಲಿ ಉಪ್ಪರಿಗೆಗೆ ಹಲಸಿನ ಹಲಗೆ, ತೇಗದ ಹಲಗೆ ಮೊದಲೇ ಉಂಟು. ಇಷ್ಟು ದುಡ್ಡು ಹಾಕಿ ಮಾಡಿಸಿದ್ದು ಎರಡು ಮಳೆಗಾಲ ಕಳೆಯುವಾಗ ಮಂಕಾಗಿ, ಹಲಗೆ ಎದ್ದು, ಕಟ್ಟೆ ಮೇಲೆ ಬಿಳಿ ಬಿಳಿ ಕಲೆಯಾಗಿ ನಿಂತದ್ದು ನೋಡಿದ್ರೆ ನನಗೆ ನಿಜವಾಗಿಯೂ ಬೇಜಾರಾಗ್ತದೆ, ಯಾಕಂದ್ರೆ ಅದರಲ್ಲಿ ಹೆಚ್ಚಿನದ್ದು ಹಾಳಾದದ್ದು ಕೊಳೆಯಿಂದ ಅಲ್ಲ, ಕ್ಲೀನ್ ಮಾಡಿದ ರೀತಿಯಿಂದ.

ಹಾಗಾಗಿ ಯಾವ ಬಾಟ್ಲಿ ಒಳ್ಳೆದು ಅನ್ನುವ ಪ್ರಶ್ನೆ ಆಮೇಲಿಂದು. ನಾವು ದಿನಾ ಒರೆಸುವುದು ಮರದ ಮೇಲೆ ಬಳಿದ ಪದರವನ್ನು, ಕಲ್ಲಿಗೆ ಕೊಟ್ಟ ಪಾಲಿಶನ್ನು. ಆ ಪದರ ಎಂತದ್ದು ಅಂತ ಗೊತ್ತಾದ್ರೆ ಅರ್ಧಕ್ಕರ್ಧ ಬಾಟ್ಲಿ ಅಲ್ಲಿಯೇ ಬಿಟ್ಟು ಬರಬಹುದು.

ಮೊದಲು ಇರುವುದು ಎಂತದ್ದು ನೋಡಿ

ಮರದ ನೆಲ ಅಂತ ಹೇಳುವುದರಲ್ಲಿ ಮೂರು ಜಾತಿ ಉಂಟು. ಒಂದು ಪೂರ್ತಿ ಮರದ ಹಲಗೆ, ಸಾಧಾರಣ 18ರಿಂದ 20 ಮಿಲಿಮೀಟರ್ ದಪ್ಪ, ಇದನ್ನು ಹಾಳಾದ್ರೆ ಮತ್ತೆ ಮತ್ತೆ ಮೆಶಿನಿನಲ್ಲಿ ತಿಕ್ಕಿ ಹೊಸತು ಮಾಡಬಹುದು. ಎರಡನೆಯದು ಎಂಜಿನಿಯರ್ಡ್ ವುಡ್, ಅಡಿಯಲ್ಲಿ ಪ್ಲೈವುಡ್, ಮೇಲೆ ಮಾತ್ರ ಕೆಲವು ಮಿಲಿಮೀಟರ್ ಅಸಲು ಮರ, ಇದಕ್ಕೆ ಮೆಶಿನ್ ಹಾಕಿಸುವ ಮೊದಲು ಮೇಲಿನ ಮರ ಎಷ್ಟು ದಪ್ಪ ಅಂತ ತಿಳಿಯಲೇ ಬೇಕು, 2 ಮಿಲಿಮೀಟರ್ ಇದ್ದದ್ದಕ್ಕೆ ಮೆಶಿನ್ ಹಾಕಿದ್ರೆ ಪ್ಲೈವುಡ್ ಕಾಣ್ತದೆ. ಮೂರನೆಯದು ಲ್ಯಾಮಿನೇಟ್, ಅದು ಮರದ ಪುಡಿ ಒತ್ತಿ ಮಾಡಿದ ಹಲಗೆಯ ಮೇಲೆ ಮರದ ಚಿತ್ರ ಅಂಟಿಸಿದ್ದು, ಅದಕ್ಕೆ ಎಣ್ಣೆಯೂ ಬೇಡ ವ್ಯಾಕ್ಸೂ ಬೇಡ, ಜಾಯಿಂಟಿನ ಎಡೆಯಿಂದ ನೀರು ಒಳಗೆ ಹೋದ್ರೆ ಉಬ್ಬಿ ನಿಲ್ತದೆ, ಮತ್ತೆ ಇಳಿಯುವುದಿಲ್ಲ. ಬಾಗಿಲ ಸಂದಿಯಲ್ಲೋ ಮೆಟ್ಟಿಲ ಅಂಚಿನಲ್ಲೋ ಹಲಗೆಯ ಕಡಿದ ಬದಿ ಕಾಣ್ತದೆ, ಅಲ್ಲಿ ನೋಡಿದ್ರೆ ಯಾವುದು ಅಂತ ಗೊತ್ತಾಗ್ತದೆ.

ಇನ್ನು ಮೇಲಿನ ಪದರ. ಯಾರಿಗೂ ಕಾಣದ ಮೂಲೆಯಲ್ಲಿ, ಕಪಾಟಿನ ಹಿಂದೆ, ಒಂದು ಹನಿ ನೀರು ಹಾಕಿ ಹತ್ತು ನಿಮಿಷ ಬಿಡಿ. ನೀರು ಹಾಗೆಯೇ ಗುಂಡಗೆ ನಿಂತು ಒರೆಸಿದ ಮೇಲೆ ಗುರುತೇ ಇಲ್ಲ ಅಂದ್ರೆ ಪಿಯು (ಪಾಲಿಯುರೆಥೇನ್) ಅಥವಾ ಅಂಥದ್ದೇ ಗಟ್ಟಿ ಕೋಟಿಂಗ್. ಬಿಳಿ ಗುರುತು ಬಂತು ಅಂದ್ರೆ ವ್ಯಾಕ್ಸ್ ಇರಬಹುದು, ಉಗುರಿನಲ್ಲಿ ಕೆರೆದ್ರೆ ಸ್ವಲ್ಪ ಮೇಣದ ಹಾಗೆ ಬರ್ತದೆ. ಹನಿ ಮರದೊಳಗೆ ಇಳಿದು ಕಪ್ಪಾಯ್ತು ಅಂದ್ರೆ ಎಣ್ಣೆ ಮಾತ್ರ, ಅಥವಾ ಇದ್ದ ಪದರ ಪೂರ್ತಿ ಸವೆದು ಹೋಗಿದೆ.

ಕಲ್ಲಿಗೂ ಇದೇ ಕತೆ. ಕಪ್ಪು ಕಟ್ಟೆ ಇದ್ದ ಕೂಡಲೇ ಗ್ರಾನೈಟ್ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಹಳೆ ಅಡಿಗೆ ಮನೆಗಳಲ್ಲಿ, ಬಾಡಿಗೆ ಮನೆಗಳಲ್ಲಿ, ಸ್ಟೋರ್ ರೂಮಿನ ಶೆಲ್ಫಿಗೆ ಕಡಪ ಕಲ್ಲು ತುಂಬಾ ಉಂಟು, ಆಂಧ್ರದ ಕಡಪದ್ದು, ಅದು ಕಪ್ಪು ಸುಣ್ಣದ ಕಲ್ಲು. ಹುಳಿ ಬಿದ್ದ ಕೂಡಲೇ ಕಡಪ ಬೂದಿ ಬಣ್ಣಕ್ಕೆ ತಿರುಗ್ತದೆ, ಅದು ಕಲೆ ಅಂತ ಎಷ್ಟು ಉಜ್ಜಿದ್ರೂ ಹೋಗುವುದಿಲ್ಲ, ಯಾಕಂದ್ರೆ ಕಲ್ಲಿನ ಮೇಲ್ಭಾಗವೇ ಕರಗಿದೆ. ಮಾರ್ಬಲ್ ಕೂಡ ಇದೇ ಜಾತಿ. ಗ್ರಾನೈಟಿನಲ್ಲಿ ಇರುವುದು ಹೆಚ್ಚಾಗಿ ಕ್ವಾರ್ಟ್ಜ್ ಮತ್ತೆ ಫೆಲ್ಡ್‌ಸ್ಪಾರ್, ಗಡಸುತನದ ಮೋಸ್ ಅಳತೆಯಲ್ಲಿ 7 ಮತ್ತೆ 6, ಮಾರ್ಬಲಿನದ್ದು 3 ಮಾತ್ರ. ಅಡಿಗೆ ಮನೆಯ ಚೂರಿ ಇದರ ನಡುವೆ ಬರ್ತದೆ, ಹಾಗಾಗಿ ಕಾಣದ ಅಂಚಿನಲ್ಲಿ ಚೂರಿಯ ತುದಿ ಎಳೆದು ನೋಡಿದ್ರೆ ಕಡಪ, ಮಾರ್ಬಲಿಗೆ ಗೀರು ಬೀಳ್ತದೆ, ಗ್ರಾನೈಟಿಗೆ ಬೀಳುವುದಿಲ್ಲ. ಇನ್ನೊಂದು ಪರೀಕ್ಷೆ ಅಂದ್ರೆ ಒಂದು ಹನಿ ನಿಂಬೆ ರಸ, ಅದನ್ನೂ ಕಾಣದ ಜಾಗದಲ್ಲಿಯೇ ಮಾಡಿ.

ಕ್ವಾರ್ಟ್ಜ್ ಕಟ್ಟೆ ಅಂತ ಹೊಸತಾಗಿ ಮಾರುವುದು ಕಲ್ಲಿನ ಪುಡಿಗೆ ರೆಸಿನ್ ಸೇರಿಸಿ ಮಾಡಿದ್ದು. ಅದಕ್ಕೆ ಸೀಲರ್, ಅಂದ್ರೆ ಕಲ್ಲು ನೀರು, ಎಣ್ಣೆ ಕುಡಿಯದ ಹಾಗೆ ಹಚ್ಚುವ ದ್ರಾವಣ, ಬೇಡ, ಆದ್ರೆ ಬಿಸಿ ಕುಕ್ಕರ್ ಸೀದಾ ಇಡ್ಲಿಕ್ಕಿಲ್ಲ, ರೆಸಿನ್ ಸುಟ್ಟು ಹಳದಿಯಾಗ್ತದೆ.

ಮರದ ನೆಲಕ್ಕೆ ದೊಡ್ಡ ಶತ್ರು ಮಣ್ಣು

ನೀರಿನ ಬಗ್ಗೆ ಎಲ್ಲರೂ ಹೇಳ್ತಾರೆ, ಮಣ್ಣಿನ ಬಗ್ಗೆ ಯಾರೂ ಹೇಳುವುದಿಲ್ಲ. ನಮ್ಮ ಊರು ಪೂರ್ತಿ ಮುರಕಲ್ಲಿನ, ಅಂದ್ರೆ ಕೆಂಪು ಕಲ್ಲಿನ ಮೇಲೆ ನಿಂತದ್ದು, ಅಂಗಳದ ಮಣ್ಣಿನಲ್ಲಿ ಮುರದ ಹರಳು, ಅದರೊಳಗೆ ಕ್ವಾರ್ಟ್ಜಿನ ಸಣ್ಣ ಸಣ್ಣ ಚೂರು. ಚಪ್ಪಲಿಯಲ್ಲಿ ಅಂಟಿಕೊಂಡು ಒಳಗೆ ಬಂದ ಆ ಹರಳಿನ ಮೇಲೆ ನಡೆದಾಡಿದ್ರೆ ಅದು ಪಾಲಿಶ್ ಪೇಪರಿನ ಕೆಲಸವನ್ನೇ ಮಾಡ್ತದೆ, ಬಾಗಿಲ ಹತ್ತಿರದ ಹಲಗೆ ಎಲ್ಲರ ಮನೆಯಲ್ಲೂ ಮೊದಲು ಮಂಕಾಗುವುದು ಅದಕ್ಕೆ. ಹಾಗಾಗಿ ಒರೆಸುವುದಕ್ಕಿಂತ ಗುಡಿಸುವುದು ಮುಖ್ಯ, ಮಳೆಗಾಲದಲ್ಲಿ ದಿನಕ್ಕೆ ಒಂದು ಸಲ ಸಾಕಾಗುವುದಿಲ್ಲ. ಹೊರಗೆ ಗಟ್ಟಿ ತೆಂಗಿನ ನಾರಿನ ಮ್ಯಾಟ್ ಒಂದು, ಒಳಗೆ ನೀರು ಹೀರುವ ಬಟ್ಟೆ ಮ್ಯಾಟ್ ಒಂದು, ಎರಡೂ ಬೇಕು.

ಯಾವುದರಲ್ಲಿ ಗುಡಿಸುವುದು? ತೆಂಗಿನ ಕಡ್ಡಿಯ ಹಿಡಿಸೂಡಿ ಅಂಗಳಕ್ಕೆ ಸರಿ, ಪಾಲಿಶ್ ಮಾಡಿದ ಮರಕ್ಕೆ ಬೇಡ, ಅದರಡಿ ಸಿಕ್ಕಿದ ಹರಳನ್ನು ಅದು ಎಳೆದುಕೊಂಡೇ ಹೋಗ್ತದೆ. ಮೆತ್ತಗಿನ ಹುಲ್ಲಿನ ಪೊರಕೆ ಒಳ್ಳೆದು, ಅಗ್ಗ. ಮೈಕ್ರೋಫೈಬರಿನ ಚಪ್ಪಟೆ ಡ್ರೈ ಮಾಪ್ ಧೂಳಿಗೆ ಅದಕ್ಕಿಂತ ಒಳ್ಳೆದು, ಆದ್ರೆ ಹರಳು ಇರುವಾಗ ಮೊದಲು ಪೊರಕೆ, ಆಮೇಲೆ ಮಾಪ್. ವ್ಯಾಕ್ಯೂಮ್ ಇದ್ರೆ ಹಲಗೆಯ ಸಂದಿಯಲ್ಲಿ ಕೂತದ್ದೂ ಬರ್ತದೆ, ತಿರುಗುವ ಬ್ರಷ್ ಮಾತ್ರ ಆಫ್ ಮಾಡಿ, ಮೆತ್ತಗಿನ ರೋಮದ ಬಾಯಿ ಹಾಕಿಕೊಳ್ಳಿ. ಉಪ್ಪರಿಗೆಯ ಹಳೆ ಹಲಗೆ ನಡುವೆ ಎಡೆ ಬಿಟ್ಟಿರುವ ಮನೆಗಳಿಗೆ ವ್ಯಾಕ್ಯೂಮ್ ನಿಜವಾಗಿಯೂ ಉಪಕಾರ, ಇಲ್ಲದಿದ್ರೆ ಗುಡಿಸಿದ ಧೂಳೆಲ್ಲ ಕೆಳಗಿನ ಕೋಣೆಗೆ ಉದುರುವುದು.

ಈಗ ನೀರು. ಮರ ಗಾಳಿಯ ತೇವಕ್ಕೆ ಸರಿಯಾಗಿ ಹಿಗ್ಗುತ್ತಾ ಕುಗ್ಗುತ್ತಾ ಇರ್ತದೆ, ಗಾಳಿಯ ತೇವಾಂಶ 50 ಶೇಕಡಾ ಇರುವಾಗ ಮರದೊಳಗೆ ಸುಮಾರು 9 ಶೇಕಡಾ ನೀರು, 80 ಶೇಕಡಾ ಆದಾಗ ಸುಮಾರು 16. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗಾಳಿ 80ರ ಮೇಲೆಯೇ ಇರುವುದು, ಅಂದ್ರೆ ಆಟಿಯಲ್ಲಿ ನಿಮ್ಮ ನೆಲ ನೀವು ಒಂದು ಹನಿ ಹಾಕದೆಯೂ ನೀರು ಕುಡಿದು ಅಗಲವಾಗಿದೆ. ಅದರ ಮೇಲೆ ಬಕೆಟಲ್ಲಿ ಅದ್ದಿದ ಮಾಪ್ ಹಾಕಿ ಚಂಡಿ ಮಾಡಿದ್ರೆ ಎಂತಾಗ್ತದೆ, ಹಲಗೆ ಒಂದಕ್ಕೊಂದು ಒತ್ತಿ, ಅಂಚು ಮೇಲೆ ಎದ್ದು ನಡು ತಗ್ಗಾಗ್ತದೆ. ಒಣ ದೇಶದಲ್ಲಿ ಮಾಡಿದ ವಿಡಿಯೋ ನೋಡಿ ವಾರಕ್ಕೆರಡು ಸಲ ವೆಟ್ ಮಾಪ್ ಅಂತ ಮಾಡುವುದು ನಮಗೆ ಸರಿ ಬರುವುದಿಲ್ಲ.

ಹಾಗಾದ್ರೆ ಒರೆಸುವುದೇ ಬೇಡವಾ ಅಂದ್ರೆ ಬೇಕು, ಹೇಗೆ ಅನ್ನುವುದು ಮುಖ್ಯ. ದಾರದ ಮಾಪ್, ತಿರುಗುವ ಬಕೆಟಿನ ಮಾಪ್ ಎರಡರಲ್ಲೂ ಎಷ್ಟು ಹಿಂಡಿದ್ರೂ ನೀರು ಜಾಸ್ತಿ ಉಳೀತದೆ. ಚಪ್ಪಟೆ ಮೈಕ್ರೋಫೈಬರ್ ಬಟ್ಟೆಯನ್ನು ಕೈಯಲ್ಲಿ ಗಟ್ಟಿ ಹಿಂಡಿ, ಒರೆಸಿದ ಜಾಗ ಒಂದು ನಿಮಿಷದೊಳಗೆ ಒಣಗುವಷ್ಟು ಮಾತ್ರ ತೇವ ಇಟ್ಟು, ಮರದ ಎಳೆ ಹೋದ ದಿಕ್ಕಿಗೆ ಒರೆಸುವುದು, ಫ್ಯಾನ್ ಹಾಕಿ ಬಿಡುವುದು. ಮಳೆ ಬಿಟ್ಟು ಬಿಸಿಲು ಬಂದ ಹೊತ್ತು ನೋಡಿ ಮಾಡಿದ್ರೆ ಇನ್ನೂ ಒಳ್ಳೆದು. ಸ್ಟೀಮ್ ಮಾಪ್ ಬಗ್ಗೆ ಒಂದೇ ಮಾತು: ಮರಕ್ಕೆ ಬೇಡವೇ ಬೇಡ. ಬಿಸಿ ಹಬೆ ಪದರದ ಅಡಿಗೆ ನುಗ್ಗಿ ಅದನ್ನು ಎಬ್ಬಿಸ್ತದೆ.

ನೀರಿಗೆ ಸೇರಿಸುವುದು ಎಂತ? ಫಿನಾಯ್ಲ್ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಉಂಟು, ಸಿಮೆಂಟು, ಟೈಲ್ಸಿಗೆ ಆದೀತು, ಮರದ ಮೇಲೆ ಅಂಟಂಟು ಪದರ ಬಿಡ್ತದೆ, ಆ ಪದರ ಧೂಳು ಹಿಡೀತದೆ, ಮತ್ತೆ ಕಪ್ಪಾಯ್ತು ಅಂತ ಇನ್ನಷ್ಟು ಫಿನಾಯ್ಲ್. ಬಟ್ಟೆ ಸೋಪಿನ ಪುಡಿ ಕ್ಷಾರ, ಅದೂ ಪದರವನ್ನು ಮಂಕು ಮಾಡ್ತದೆ. ವಿನೆಗರ್ ಹುಳಿ, ಒಂದು ಸಲಕ್ಕೆ ಏನೂ ಆಗ್ಲಿಕ್ಕಿಲ್ಲ, ವಾರ ವಾರ ಹಾಕಿದ್ರೆ ಹೊಳಪು ಹೋಗ್ತದೆ. ಪಿಯು ಇರುವ ನೆಲಕ್ಕೆ ಪಿಎಚ್ ನ್ಯೂಟ್ರಲ್ (ಹುಳಿಯೂ ಅಲ್ಲ, ಕ್ಷಾರವೂ ಅಲ್ಲ) ಅಂತ ಬರೆದ ವುಡ್ ಫ್ಲೋರ್ ಕ್ಲೀನರ್ ಸಿಕ್ಕಿದ್ರೆ ಅದು, ಸಿಕ್ಕದಿದ್ರೆ ಅರ್ಧ ಬಕೆಟ್ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಆಮೇಲೆ ಬರೀ ನೀರಿನ ಹಿಂಡಿದ ಬಟ್ಟೆಯಲ್ಲಿ ಇನ್ನೊಂದು ಸಲ. ವ್ಯಾಕ್ಸ್ ನೆಲಕ್ಕೆ ನೀರೇ ಬೇಡ, ಒಣ ಬಟ್ಟೆಯಲ್ಲಿ ತಿಕ್ಕಿದ್ರೆ ಹೊಳಪು ತಾನೇ ಬರ್ತದೆ.

ನೀರು ಎಲ್ಲಿಂದ ತಂದದ್ದು ಅನ್ನುವುದೂ ಲೆಕ್ಕಕ್ಕೆ ಉಂಟು. ಬಾವಿ ನೀರು, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ನಮ್ಮಲ್ಲಿ ಮೆದು, ಒರೆಸಿದ ಮೇಲೆ ಬಿಳಿ ಗುರುತು ಬಿಡುವುದು ಕಡಿಮೆ. ಬೋರಿನ ನೀರು ಕೆಲವು ಕಡೆ ಕಬ್ಬಿಣ ಜಾಸ್ತಿ ಇರ್ತದೆ, ಬಕೆಟಲ್ಲಿ ರಾತ್ರಿ ಇಟ್ಟ ನೀರು ಬೆಳಿಗ್ಗೆ ಕೆಂಪು ಕಟ್ಟಿದ್ರೆ ಅದನ್ನು ಮರಕ್ಕೆ ಹಾಕ್ಬೇಡಿ. ಮರದಲ್ಲಿರುವ ಚೊಗರಿಗೆ ಕಬ್ಬಿಣ ಸೇರಿದ್ರೆ ಮಸಿಯ ಹಾಗೆ ನೀಲಿ ಕಪ್ಪು ಕಲೆ ಆಗ್ತದೆ, ಹೂವಿನ ಕುಂಡದ ಕಬ್ಬಿಣದ ಸ್ಟ್ಯಾಂಡ್ ಇಟ್ಟಲ್ಲಿ ಕಪ್ಪು ಬಳೆ ಬೀಳುವುದೂ ಇದರಿಂದಲೇ. ಅದು ಸೋಪಿಗೆ ಹೋಗುವುದಿಲ್ಲ, ಆಕ್ಸಾಲಿಕ್ ಆಸಿಡ್ ಹಾಕಿ ಎಬ್ಬಿಸಬೇಕು, ಅದು ವಿಷ, ಮೇಲಿನ ಪದರ ತೆಗೆದ ಮೇಲೆ ಮಾಡುವ ಕೆಲಸ, ಹಾಗಾಗಿ ಗೊತ್ತಿದ್ದ ಪಾಲಿಶಿನವರಿಗೇ ಬಿಡಿ. ವೀಳ್ಯದ ತಟ್ಟೆಯ ಸುಣ್ಣವೂ ಹಾಗೆಯೇ, ಮರದ ಮೇಲೆ ಬಿದ್ದದ್ದನ್ನು ಆಗಿಂದಾಗಲೇ ಒರೆಸಿ.

ತೆಂಗಿನೆಣ್ಣೆ, ಅಗಸೆ ಎಣ್ಣೆ, ವ್ಯಾಕ್ಸ್, ಪಿಯು

ಇದು ಜನ ಹೆಚ್ಚು ಕೇಳುವ ವಿಷಯ, ದುಡ್ಡು ಹೋಗುವುದೂ ಇಲ್ಲಿಯೇ.

ತೆಂಗಿನೆಣ್ಣೆ ನಮ್ಮ ಮನೆಯ ಎಣ್ಣೆ, ಉಜ್ಜಿದ ದಿನ ಮರ ಚಂದ ಕಾಣ್ತದೆ, ಅದರಲ್ಲಿ ಸಂಶಯ ಇಲ್ಲ. ಆದ್ರೆ ಅದು ಒಣಗುವ ಎಣ್ಣೆ ಅಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗಿ ಒಂದು ಪದರ ಕಟ್ತದೆ, ತೆಂಗಿನೆಣ್ಣೆ ಎಷ್ಟು ದಿನ ಕಳೆದ್ರೂ ಎಣ್ಣೆಯಾಗಿಯೇ ಉಳೀತದೆ. ಎಣ್ಣೆಯ ಅಯೋಡಿನ್ ಸಂಖ್ಯೆ ಅಂತ ಒಂದು ಅಳತೆ ಉಂಟು, ಅದು ಜಾಸ್ತಿ ಇದ್ದಷ್ಟು ಎಣ್ಣೆ ಒಣಗ್ತದೆ, ಅಗಸೆಯದ್ದು 170ರ ಮೇಲೆ, ತೆಂಗಿನದ್ದು 10ರ ಆಸುಪಾಸು. ಹಾಗಾಗಿ ನೆಲಕ್ಕೆ ತೆಂಗಿನೆಣ್ಣೆ ಹಾಕಿದ್ರೆ ಧೂಳು ಅಂಟಿ, ಮಳೆಗಾಲದಲ್ಲಿ ಕಮಟು ವಾಸನೆ ಬಂದು, ಮೇಲೆ ಬೂಷ್ಟು ಹಿಡೀತದೆ, ಜಾರುವುದು ಬೇರೆ, ಮನೆಯಲ್ಲಿ ವಯಸ್ಸಾದವರು ಇದ್ರೆ ಅದು ಸಣ್ಣ ವಿಷಯ ಅಲ್ಲ. ಮುಂದೆ ಯಾವಾಗಲಾದ್ರೂ ಪಿಯು ಹೊಡೆಸುವ ಅಂತ ಹೊರಟ್ರೆ ಎಣ್ಣೆ ಕುಡಿದ ಮರಕ್ಕೆ ಅದು ಹಿಡಿಯುವುದೂ ಇಲ್ಲ. ತೆಂಗಿನೆಣ್ಣೆಯನ್ನು ಹಲಸಿನ ಮೇಣ ಬಿಡಿಸ್ಲಿಕ್ಕೆ ಇಟ್ಟುಕೊಳ್ಳಿ, ಅದಕ್ಕೆ ಅದರಷ್ಟು ಒಳ್ಳೆದು ಬೇರೆ ಇಲ್ಲ.

ಗೇರೆಣ್ಣೆ, ಅಂದ್ರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಅದರ ಬಗ್ಗೆಯೂ ಹೇಳಬೇಕು, ಹಳೆ ಮನೆಗಳಲ್ಲಿ ಪಕ್ಕಾಸಿಗೆ, ಅಟ್ಟದ ಹಲಗೆಯ ಅಡಿಗೆ ಅದನ್ನು ಬಳಿಯುವ ಕ್ರಮ ಇತ್ತು, ಒರಳೆ ಬಾರದ ಹಾಗೆ. ಕೆಲಸಕ್ಕೆ ಅದು ನಿಜವಾಗಿಯೂ ಒಳ್ಳೆದು, ಆದ್ರೆ ಚರ್ಮಕ್ಕೆ ತಾಗಿದ್ರೆ ಸುಟ್ಟು ಗುಳ್ಳೆ ಏಳ್ತದೆ, ಬಣ್ಣ ಕಪ್ಪಾಗ್ತದೆ. ಕಾಣದ ಅಡಿಭಾಗಕ್ಕೆ, ತೊಲೆಗೆ, ಗ್ಲೌಸ್ ಹಾಕಿ ಬಳಿಸಬಹುದು, ಬರಿಗಾಲಲ್ಲಿ ನಡೆಯುವ ನೆಲಕ್ಕೆ ಬೇಡ.

ಅಗಸೆ ಎಣ್ಣೆ ಮರದ ಒಳಗೆ ಇಳೀತದೆ, ಹಲಸಿನ ಹಲಗೆಯ ಹಳದಿ ಬಣ್ಣ ಹೊನ್ನಿನ ಹಾಗೆ ಎದ್ದು ಬರ್ತದೆ, ಗೀರು ಬಿದ್ದ ಜಾಗಕ್ಕೆ ಮಾತ್ರ ಮತ್ತೆ ಹಚ್ಚಬಹುದು, ಇಡೀ ನೆಲ ತಿಕ್ಕಬೇಕು ಅಂತಿಲ್ಲ. ಹಸಿ ಎಣ್ಣೆ ಒಣಗ್ಲಿಕ್ಕೆ ವಾರಗಟ್ಟಲೆ ಬೇಕು, ಪೈಂಟ್ ಅಂಗಡಿಯಲ್ಲಿ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಅಂತ ಸಿಗುವುದು ಬೇಗ ಒಣಗ್ತದೆ. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು, ದಪ್ಪ ಬಿಟ್ರೆ ಅಂಟೇ ಉಳೀತದೆ. ಮತ್ತೆ ಇದನ್ನು ದಯವಿಟ್ಟು ಮರೀಬೇಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ಒಣಗುವಾಗ ಬರುವ ಶಾಖಕ್ಕೆ ಅದು ತಾನಾಗಿಯೇ ಬೆಂಕಿ ಹಿಡಿಯಬಹುದು. ನೀರಲ್ಲಿ ಮುಳುಗಿಸಿ ಇಡಿ, ಅಥವಾ ಹೊರಗೆ ಅಂಗಳದಲ್ಲಿ ಬಿಡಿಸಿ ಹರಡಿ ಒಣಗಿಸಿ. ತೆಂಗಿನಕಾಯಿ ಸಿಪ್ಪೆ, ಒಣ ಅಡಿಕೆ ಸಿಪ್ಪೆ ರಾಶಿ ಇರುವ ಕೊಟ್ಟಿಗೆಯಲ್ಲಂತೂ ಇಡ್ಲೇಬೇಡಿ.

ವ್ಯಾಕ್ಸ್ ಮೆತ್ತಗಿನ ಹೊಳಪು, ಕೈಗೆ ಒಳ್ಳೆ ಹಿತ, ಆದ್ರೆ ನೀರಿನ ಹನಿಗೆ ಬಿಳಿ ಬಳೆ ಬೀಳ್ತದೆ, ನಮ್ಮ ಮಳೆಗಾಲಕ್ಕೆ ನೆಲದ ಮೇಲೆ ಬರೀ ವ್ಯಾಕ್ಸ್ ಸಾಲದು. ಎಣ್ಣೆ ಮತ್ತೆ ವ್ಯಾಕ್ಸ್ ಸೇರಿದ ಹಾರ್ಡ್‌ವ್ಯಾಕ್ಸ್ ಆಯಿಲ್ ಸಿಗ್ತದೆ, ದುಬಾರಿ, ಅಗಸೆ ಎಣ್ಣೆಯ ಚಂದವೂ ಉಂಟು, ನೀರಿಗೂ ಸುಮಾರಿಗೆ ತಡೀತದೆ, ಸವೆದ ಜಾಗವನ್ನು ನಾವೇ ಸರಿ ಮಾಡಿಕೊಳ್ಳಬಹುದು.

ಪಿಯು ಅಂದ್ರೆ ಮೇಲೆ ಒಂದು ಪಾರದರ್ಶಕ ಚರ್ಮ ಹಾಕಿದ ಹಾಗೆ. ಮಕ್ಕಳು, ನಾಯಿ, ಬಂದು ಹೋಗುವವರು ಜಾಸ್ತಿ ಇರುವ ಮನೆಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ. ಆಯಿಲ್ ಬೇಸ್ ಪಿಯು ಕಾಲ ಕಳೆದ ಹಾಗೆ ಜೇನಿನ ಬಣ್ಣಕ್ಕೆ ತಿರುಗ್ತದೆ, ತೇಗಕ್ಕೆ ಅದು ಚಂದವೇ, ವಾಸನೆ ಜೋರು, ಒಂದು ಕೋಟಿಂದ ಇನ್ನೊಂದಕ್ಕೆ ಒಂದು ದಿನ ಕಾಯಬೇಕು. ವಾಟರ್ ಬೇಸ್ ಬಣ್ಣ ಬದಲಿಸುವುದಿಲ್ಲ, ಕೆಲವು ಗಂಟೆಯಲ್ಲೇ ಒಣಗ್ತದೆ, ವಾಸನೆ ಕಡಿಮೆ, ರೇಟ್ ಜಾಸ್ತಿ. ಪಿಯು ಒಡೆದು ಎದ್ದು ಬಂದ್ರೆ ಮಾತ್ರ ತೇಪೆ ಹಾಕ್ಲಿಕ್ಕೆ ಆಗುವುದಿಲ್ಲ, ಇಡೀ ಕೋಣೆ ತಿಕ್ಕಿಸಬೇಕು, ಹಾಗಾಗಿ ಹೊಳಪು ಸ್ವಲ್ಪ ಕಡಿಮೆಯಾದಾಗಲೇ, ಮರ ಕಾಣುವ ಮೊದಲೇ, ಮೇಲಿಂದ ಹಗುರ ತಿಕ್ಕಿ ಇನ್ನೊಂದು ಕೋಟ್ ಕೊಡಿಸಿದ್ರೆ ಉಳಿತಾಯ.

ಯಾವುದೇ ಇರಲಿ, ಮಾಡಿಸುವುದು ಡಿಸೆಂಬರಿನಿಂದ ಮಾರ್ಚ್ ಒಳಗೆ. ಜೂನಲ್ಲಿ ಗೃಹಪ್ರವೇಶ ಅಂತ ಮೇ ಕೊನೆಗೆ ಗಡಿಬಿಡಿಯಲ್ಲಿ ಪಿಯು ಹೊಡೆಸಿದ್ರೆ ಅಡಿಯಲ್ಲಿ ತೇವ ಸಿಕ್ಕಿಬಿದ್ದು ಬಿಳಿ ಮಂಜು ಕಟ್ಟಿದ ಹಾಗೆ ಆಗ್ತದೆ. ಗಲ್ಫಿನಲ್ಲಿ ಇದ್ದುಕೊಂಡು ಇಲ್ಲಿ ಮನೆ ಕಟ್ಟಿದವರದ್ದು ಇನ್ನೊಂದು ಕಷ್ಟ, ಇಡೀ ಮಳೆಗಾಲ ಬಾಗಿಲು ಹಾಕಿದ ಮನೆಯಲ್ಲಿ ಗಾಳಿ ನಿಂತು, ಮರ ಹಿಗ್ಗಿ, ರಜೆಗೆ ಬಂದು ಬಾಗಿಲು ತೆಗೆದ್ರೆ ನಡುಕೋಣೆಯಲ್ಲಿ ಹಲಗೆ ಗುಡ್ಡೆಯ ಹಾಗೆ ಎದ್ದಿರ್ತದೆ. ಗೋಡೆ ಸುತ್ತ ಸುಮಾರು 10 ಮಿಲಿಮೀಟರ್ ಎಡೆ ಬಿಟ್ಟು ಹಲಗೆ ಕೂರಿಸಿದ್ದಾರಾ ಅಂತ ಕಟ್ಟುವಾಗಲೇ ನೋಡಿ, ಅದು ಸ್ಕರ್ಟಿಂಗ್ ಅಡಿಯಲ್ಲಿ ಮುಚ್ಚಿ ಹೋಗ್ತದೆ. ಬೀಗದ ಕೈ ಇರುವವರ ಹತ್ರ, ಅದು ಅತ್ತಿಗೆಯೋ ನೆರೆಮನೆಯ ಅಕ್ಕನೋ, ಮಳೆ ಬಿಟ್ಟ ಮಧ್ಯಾಹ್ನ ಕಿಟಕಿ ತೆಗೆದು ಫ್ಯಾನ್ ಹಾಕ್ಲಿಕ್ಕೆ ಹೇಳಿ. ವರ್ಷಪೂರ್ತಿ ಮುಚ್ಚಿಯೇ ಇರುವ ಮನೆಗಾದ್ರೆ ಪೂರ್ತಿ ಮರ ಬೇಡ, ಎಂಜಿನಿಯರ್ಡ್ ವುಡ್ ಒಳ್ಳೆದು, ಪದರಗಳು ಅಡ್ಡ ಉದ್ದ ಅಂಟಿಸಿದ್ದರಿಂದ ಅದು ಹಿಗ್ಗುವುದು ಕಡಿಮೆ.

ಗ್ರಾನೈಟ್ ಕಟ್ಟೆಗೆ ಕಡಿಮೆ ಮಾಡಿದಷ್ಟೂ ಒಳ್ಳೆದು

ದಿನದ ಕೆಲಸಕ್ಕೆ ಹದ ಬಿಸಿ ನೀರು, ಎರಡು ಹನಿ ಪಾತ್ರೆ ಲಿಕ್ವಿಡ್, ಮೆತ್ತಗಿನ ಬಟ್ಟೆ, ಆಮೇಲೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಈ ಕೊನೆಯ ಒಣ ಬಟ್ಟೆ ಬಿಡುವುದರಿಂದಲೇ ಕಪ್ಪು ಕಲ್ಲಿನ ಮೇಲೆ ಮೋಡ ಮೋಡ ಕಾಣುವುದು, ಅದು ಒಣಗಿದ ಸೋಪು. ಸೋಪಿನ ಮೋಡ ಕಟ್ಟಿ ಹೋಗಿದ್ರೆ ಐಸೋಪ್ರೊಪೈಲ್ ಸ್ಪಿರಿಟ್ ಮೆಡಿಕಲ್‌ನಲ್ಲಿ ಸಿಗ್ತದೆ, ಒಂದು ಪಾಲು ಸ್ಪಿರಿಟಿಗೆ ಎರಡು ಪಾಲು ನೀರು ಹಾಕಿ ಸ್ಪ್ರೇ ಮಾಡಿ ಒರೆಸಿದ್ರೆ ಹೊಳಪು ಬರ್ತದೆ, ಅಂಗಡಿಯ ಗ್ರಾನೈಟ್ ಸ್ಪ್ರೇಯನ್ನೇ ದುಡ್ಡು ಕೊಟ್ಟು ತರಬೇಕು ಅಂತಿಲ್ಲ. ಒಲೆ ಉರಿಯುವಾಗ ಮಾತ್ರ ಮಾಡ್ಬೇಡಿ, ಸ್ಪಿರಿಟ್ ಬೆಂಕಿ ಹಿಡೀತದೆ.

ವಿನೆಗರ್, ನಿಂಬೆ ಸಿಪ್ಪೆ, ಬಿಂಬುಳಿ ಇವನ್ನು ಹಾಕಿ ಕಟ್ಟೆ ಉಜ್ಜುವವರು ಇದ್ದಾರೆ. ಕ್ವಾರ್ಟ್ಜಿಗೂ ಫೆಲ್ಡ್‌ಸ್ಪಾರಿಗೂ ಅಡಿಗೆಯ ಹುಳಿ ದೊಡ್ಡ ಕೆಡುಕು ಮಾಡುವುದಿಲ್ಲ, ಆದ್ರೆ ಮೇಲೆ ಹಾಕಿದ ಸೀಲರ್ ಹಾಳಾಗ್ತದೆ, ಅಂಗಡಿಯವರು ಗ್ರಾನೈಟ್ ಅಂತ ಮಾರುವ ಕೆಲವು ಕಲ್ಲುಗಳಲ್ಲಿ ಸುಣ್ಣದ ಅಂಶವೂ ಇರ್ತದೆ, ಅವು ಮಂಕಾಗ್ತವೆ. ಲಾಭ ಇಲ್ಲದ ಕೆಲಸ ಯಾಕೆ. ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ಅಡಿಗೆ ಮನೆಗೆ ಬರ್ಲೇಬಾರದು, ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರ್ತದೆ, ಅದು ಗ್ರಾನೈಟನ್ನೂ ಕರಗಿಸುವಂಥದ್ದು, ಕೈಗೆ ತಾಗಿದ್ರೆ ಬಹಳ ಅಪಾಯ. ಬಾವಿಗೆ ಹಾಕ್ಲಿಕ್ಕೆ ಅಂತ ಮನೆಯಲ್ಲಿ ಇಟ್ಟ ಬ್ಲೀಚಿಂಗ್ ಪೌಡರಿಗೆ ಯಾವ ಆಸಿಡನ್ನೂ, ವಿನೆಗರನ್ನೂ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರ್ತದೆ.

ಹಸಿರು ಸ್ಕ್ರಬ್ಬರಿನ ಬಗ್ಗೆ ಹೇಳದೆ ಇರ್ಲಿಕ್ಕೆ ಆಗುವುದಿಲ್ಲ. ಅದರಲ್ಲಿ ಇರುವ ಹರಳು ಹೆಚ್ಚಾಗಿ ಅಲ್ಯುಮಿನಿಯಂ ಆಕ್ಸೈಡ್, ಗಡಸುತನ 9, ಕ್ವಾರ್ಟ್ಜಿಗಿಂತ ಗಟ್ಟಿ. ಕಲ್ಲಲ್ವಾ ಏನಾಗ್ತದೆ ಅಂತ ಒಲೆಯ ಹತ್ರದ ಜಾಗವನ್ನೇ ದಿನಾ ಅದರಲ್ಲಿ ಉಜ್ಜಿ ಉಜ್ಜಿ ಅಲ್ಲಿ ಮಾತ್ರ ಪಾಲಿಶ್ ಹೋಗಿ ಬೋಳಾದ ಕಟ್ಟೆಗಳು ಎಷ್ಟೋ. ಸ್ಟೀಲ್ ಉಣ್ಣೆಯೂ ಬೇಡ, ಅದರ ಚೂರು ಉಳಿದು ತುಕ್ಕು ಕಲೆ ಬೀಳ್ತದೆ. ಅಂಟಿದ ದೋಸೆ ಹಿಟ್ಟು, ಬೆಲ್ಲದ ಪಾಕ ಇದ್ದಲ್ಲಿ ಚಂಡಿ ಬಟ್ಟೆ ಹಾಸಿ ಕಾಲು ಗಂಟೆ ಬಿಟ್ರೆ ಪ್ಲಾಸ್ಟಿಕ್ ತುಂಡಲ್ಲೇ ಎದ್ದು ಬರ್ತದೆ.

ಕಲೆಗಳಲ್ಲಿ ಅರಸಿನದ್ದು ಬೇರೆಯೇ ಲೆಕ್ಕ. ಸೋಪು, ಸೋಡಾ ಹಾಕಿದ ಕೂಡಲೇ ಅದು ಕೆಂಪಾಗ್ತದೆ, ಆರತಿಗೆ ಅರಸಿನ ಸುಣ್ಣ ಕಲಸಿದ ಕುರ್ದಿ ಕೆಂಪಾಗ್ತದಲ್ಲ, ಅದೇ ಕೆಲಸ, ಹೆದರಬೇಕಾದ್ದಿಲ್ಲ. ಬಿಳಿ ಅಥವಾ ತಿಳಿ ಬಣ್ಣದ ಕಲ್ಲಿನಲ್ಲಿ ಉಳಿದ್ರೆ ಮೆಡಿಕಲ್‌ನ ಹೈಡ್ರೋಜನ್ ಪೆರಾಕ್ಸೈಡಲ್ಲಿ ಅದ್ದಿದ ಹತ್ತಿ ಇಟ್ಟು ಸ್ವಲ್ಪ ಹೊತ್ತು ಬಿಡಿ, ಪುನರ್ಪುಳಿ, ಚಹಾ, ಬಾಳೆಕಾಯಿಯ ಕಲೆಗೂ ಅದೇ. ಕಪ್ಪು ಕಲ್ಲಿಗೆ ಪೆರಾಕ್ಸೈಡ್ ಹಾಕುವ ಮೊದಲು ಮೂಲೆಯಲ್ಲಿ ನೋಡಿಕೊಳ್ಳಿ. ಹಲಸಿನ ಮೇಣಕ್ಕೆ ನೀರು ಮುಟ್ಟಿಸದೆ ತೆಂಗಿನೆಣ್ಣೆ ಉಜ್ಜಿ, ಬಿಟ್ಟು ಬಂದ ಮೇಲೆ ಸೋಪು, ಎಣ್ಣೆ ಉಳಿಯದ ಹಾಗೆ. ಎಣ್ಣೆ ಕುಡಿದು ಕಪ್ಪಾದ ಜಾಗ, ಸಾಧಾರಣ ಒಲೆಯ ಪಕ್ಕ ಎಣ್ಣೆ ಬಾಟ್ಲಿ ಇಡುವಲ್ಲಿ, ಅದಕ್ಕೆ ಅಡಿಗೆ ಸೋಡಾ ಪುಡಿಯನ್ನು ನೀರಲ್ಲಿ ಚಟ್ನಿ ಹದಕ್ಕೆ ಕಲಸಿ ದಪ್ಪಕ್ಕೆ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಟ್ಟು, ಆಮೇಲೆ ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗ್ಲಿಕ್ಕೆ ಬಿಡಬೇಕು. ಒಣಗುವಾಗಲೇ ಅದು ಎಣ್ಣೆಯನ್ನು ಮೇಲೆಳೆಯುವುದು, ಜನ ಇಲ್ಲಿ ಅವಸರ ಮಾಡಿ ಹಸಿ ಇರುವಾಗಲೇ ಒರೆಸಿಬಿಡ್ತಾರೆ. ಹಳೆ ಕಲೆಗೆ ಎರಡು ಮೂರು ಸಲ ಬೇಕಾದೀತು. ಅಡಿಗೆಯಾದ ಮೇಲೆ ತೆಂಗಿನೆಣ್ಣೆ ಹಚ್ಚಿ ಗ್ರಾನೈಟ್ ಹೊಳೆಸುವವರಿಗೂ ಇದೇ ಮಾತು, ಆ ಹೊಳಪು ಜಿಡ್ಡಿನದ್ದು.

ಸೀಲರ್ ಹಾಕಬೇಕಾ ಬೇಡವಾ? ಇದಕ್ಕೂ ನೀರಿನ ಹನಿಯೇ ಉತ್ತರ. ಕಟ್ಟೆಯ ಎರಡು ಮೂರು ಕಡೆ ಒಂದೊಂದು ಚಮಚ ನೀರು ಹಾಕಿ ಕಾಲು ಗಂಟೆ ನೋಡಿ, ಅಡಿಯಲ್ಲಿ ಕಲ್ಲು ಕಪ್ಪಾಗದಿದ್ರೆ ಬೇಡ, ಅಂಗಡಿಯವರು ಎಷ್ಟು ಹೇಳಿದ್ರೂ ಬೇಡ. ಆಂಧ್ರದ ಚೀಮಕುರ್ತಿಯಿಂದ ಬರುವ ಬ್ಲ್ಯಾಕ್ ಗ್ಯಾಲಕ್ಸಿಯಂಥ ಗಟ್ಟಿ ಕಪ್ಪು ಕಲ್ಲು ನೀರು ಕುಡಿಯುವುದು ತೀರಾ ಕಡಿಮೆ, ಅದಕ್ಕೆ ಸೀಲರ್ ಹಾಕಿದ್ರೆ ಒಳಗೆ ಹೋಗದೆ ಮೇಲೆಯೇ ಒಣಗಿ ಮಸುಕು ಮಾಡ್ತದೆ. ಕಾಶ್ಮೀರ್ ವೈಟ್‌ನಂಥ ಬಿಳಿ ಕಲ್ಲು ಚೆನ್ನಾಗಿ ಕುಡೀತದೆ, ಅದಕ್ಕೆ ಸೀಲರ್ ಬೇಕೇ ಬೇಕು, ಮತ್ತೆ ಹನಿ ಪರೀಕ್ಷೆ ವರ್ಷಕ್ಕೊಮ್ಮೆ. ಹಾಕುವುದು ಕಷ್ಟ ಅಲ್ಲ: ತೊಳೆದು ಒಂದು ದಿನ ಒಣಗಿಸಿ, ಒಳಗೆ ಇಳಿಯುವ ಜಾತಿಯ ಸೀಲರ್ ಹಚ್ಚಿ, ಡಬ್ಬಿಯಲ್ಲಿ ಹೇಳಿದಷ್ಟು ನಿಮಿಷ ಬಿಟ್ಟು, ಒಣಗುವ ಮೊದಲೇ ಮೇಲಿನದ್ದೆಲ್ಲ ಒರೆಸಿ ತೆಗೆಯುವುದು, ಮತ್ತೊಂದು ದಿನ ನೀರು ತಾಗಿಸದೆ ಇಡುವುದು. ಮಳೆಗಾಲದಲ್ಲಿ ಒಣಗಿಸುವ ದಿನ ಎರಡು ಮಾಡಿ.

ಹೊಸತಾಗಿ ಕಲ್ಲು ತೆಗೆಯುವವರಿಗೆ ಒಂದು ವಿಷಯ. ಬೂದು ಕಲ್ಲಿಗೆ ಬಣ್ಣ, ಎಣ್ಣೆ ಉಜ್ಜಿ ಅಚ್ಚ ಕಪ್ಪು ಅಂತ ಮಾರುವುದು ಉಂಟು. ಬಿಳಿ ಬಟ್ಟೆಗೆ ಅಸಿಟೋನ್, ಅಂದ್ರೆ ಉಗುರಿನ ಬಣ್ಣ ತೆಗೆಯುವುದರಲ್ಲಿ ಇರುವಂಥದ್ದು, ಹಾಕಿ ಗಟ್ಟಿ ಉಜ್ಜಿ ನೋಡಿ, ಬಟ್ಟೆ ಕಪ್ಪಾದ್ರೆ ಆ ಕಲ್ಲು ಬೇಡ. ನಾಲ್ಕು ತಿಂಗಳು ಸೋಪು ತಾಗಿದ ಮೇಲೆ ಅದು ತೇಪೆ ತೇಪೆಯಾಗಿ ಬೂದಿಯಾಗ್ತದೆ, ಆಗ ಯಾವ ಕ್ಲೀನರೂ ಉಪಯೋಗ ಇಲ್ಲ. ಬಿಳಿ ಚಂದ ಕಾಣ್ತದೆ ಅಂತ ಆಸೆಯಾಗುವುದು ಸಹಜ, ಆದ್ರೆ ದಿನಾ ಸಾಂಬಾರು, ಮೀನು ಸಾರು, ಅರಸಿನ ಅರೆಯುವ ನಮ್ಮ ಅಡಿಗೆ ಮನೆಗೆ ಕಪ್ಪು ಅಥವಾ ಚುಕ್ಕಿ ಚುಕ್ಕಿ ಇರುವ ಕಂದು ಕಲ್ಲೇ ನನ್ನ ಮಟ್ಟಿಗೆ ಸರಿ. ಕಡಪ ಅಗ್ಗ ಅಂತ ಹಾಕುವುದಿದ್ರೆ ಸ್ಟೋರ್ ರೂಮಿನ ಶೆಲ್ಫಿಗೆ ಹಾಕಿ, ನಿಂಬೆ ಹಿಂಡುವ ಜಾಗಕ್ಕೆ ಬೇಡ.

ಕೆಲಸಕ್ಕೆ ಯಾರಾದರೂ ಬರುವ ಮನೆಯಾದ್ರೆ ಮರಕ್ಕೆ ಒಂದು ಬಟ್ಟೆ, ಕಟ್ಟೆಗೆ ಒಂದು, ಬಾತ್‌ರೂಮಿಗೆ ಒಂದು ಅಂತ ಬೇರೆ ಬೇರೆ ಬಣ್ಣದ್ದು ತಂದಿಟ್ಟು, ಅವರಿಗೆ ಬರುವ ಭಾಷೆಯಲ್ಲಿ, ತುಳುವೋ ಮಲಯಾಳವೋ ಆಗಲಿ, ಯಾಕೆ ಅಂತಲೂ ಸೇರಿಸಿ ಹೇಳಿಕೊಡಿ, ಮತ್ತೆ ಆಸಿಡ್ ಬಾಟ್ಲಿಯನ್ನು ಅಡಿಗೆ ಮನೆಯ ಸಿಂಕ್ ಅಡಿಯಿಂದ ತೆಗೆದು ಬಾತ್‌ರೂಮಿನ ಮೇಲಿನ ಶೆಲ್ಫಲ್ಲಿ ಇಡಿ.